ಮೂರು ಮೂಲೆ ಸೈಟಿನ ಲೆಕ್ಕ

ನಮ್ಮ ಮನೆ ಹತ್ತಿರ ಒಂದು ಮೂರು ಮೂಲೆ ಸೈಟು ಮಾರಾಟಕ್ಕಿತ್ತು. ರಸ್ತೆ ಓರೆಯಾಗಿ ಹೋದ ಕಡೆ ಉಳಿದುಕೊಂಡ ತುಂಡು. ಟೇಪು ಹಿಡಿದೆವು: 39, 42, 45 ಅಡಿ. ಬ್ರೋಕರ್ ಫೋನಿನಲ್ಲಿ ಟಕಟಕ ಒತ್ತಿ '882 ಚದರಡಿ ಸಾರ್' ಅಂದರು. 39 ಮತ್ತು 45ರ ಸರಾಸರಿ 42. ಅದಕ್ಕೆ ಮೂರನೇ ಬದಿಯ ಅರ್ಧ, ಅಂದರೆ 21ರಿಂದ ಗುಣಾಕಾರ.

ಅವರನ್ನು ಬೈಯುವ ಹಾಗಿಲ್ಲ. ಈ ಲೆಕ್ಕಕ್ಕೆ ಸಾವಿರ ವರ್ಷಕ್ಕೂ ಜಾಸ್ತಿ ವಯಸ್ಸು. ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಇದನ್ನು 'ಸ್ಥೂಲ' ಎಂದು ಹೇಳಿ, ಜೊತೆಗೆ 'ಸೂಕ್ಷ್ಮ' ಲೆಕ್ಕವನ್ನೂ ಕೊಟ್ಟಿದ್ದ. ರಾಷ್ಟ್ರಕೂಟರ ಅಮೋಘವರ್ಷನ ಕಾಲದ ನಮ್ಮ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲೂ ಎರಡೂ ಇವೆ.

ಸೂಕ್ಷ್ಮ ಲೆಕ್ಕ ಹೀಗೆ. ಮೂರೂ ಬದಿ ಕೂಡಿ ಅರ್ಧ ಮಾಡಿ: 63. ಅದರಿಂದ ಒಂದೊಂದೇ ಬದಿ ಕಳೆಯಿರಿ: 24, 21, 18. ಈ ನಾಲ್ಕನ್ನೂ ಗುಣಿಸಿದರೆ 5,71,536. ಅದರ ವರ್ಗಮೂಲ 756. ಶಾಲೆಯಲ್ಲಿ ಇದನ್ನೇ ಹೆರಾನ್ ಸೂತ್ರ ಅಂತ ಕಲಿತಿರುತ್ತೀರಿ; ಹೆರಾನ್ ಒಂದನೇ ಶತಮಾನದ ಅಲೆಕ್ಸಾಂಡ್ರಿಯಾದವನು.

ಅಂದರೆ ಬ್ರೋಕರ್ ಲೆಕ್ಕದಲ್ಲಿ 126 ಚದರಡಿ ಗಾಳಿ! ಒಂದು ರೂಮಿನಷ್ಟು ಜಾಗ. 45 ಅಡಿಯ ಬದಿಯನ್ನು ಅರ್ಧ ಮಾಡಿಕೊಂಡಿದ್ದರೆ 911 ಆಗುತ್ತಿತ್ತು. ಪುಣ್ಯಕ್ಕೆ ಅವರಿಗೆ ಅದು ಹೊಳೆಯಲಿಲ್ಲ.

756 ಕೈಗೆ ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಅದನ್ನು ಎರಡರಿಂದ ಗುಣಿಸಿ 42ರಿಂದ ಭಾಗಿಸಿದರೆ 36. ಅಂದರೆ 42 ಅಡಿಯ ಬದಿಯಿಂದ ಎದುರು ಮೂಲೆಗೆ ನೇರ 36 ಅಡಿ. 756ನ್ನು 63ರಿಂದ ಭಾಗಿಸಿದರೆ 12. ಈ ಸೈಟಿನೊಳಗೆ ಹಿಡಿಸುವ ಅತಿ ದೊಡ್ಡ ವೃತ್ತದ ತ್ರಿಜ್ಯ ಅಷ್ಟು. ದುಂಡು ಬಾವಿ ತೋಡುವವರಿಗೆ ಬೇಕಾದೀತು.

ಟೇಪು ಓದುವಾಗ ತಪ್ಪಿದರೂ ಸೂತ್ರ ಹಿಡಿದು ಕೊಡುತ್ತದೆ. 20, 30, 55 ಅಂತ ಬರೆದುಕೊಂಡಿರಿ ಅನ್ನಿ. ಅರ್ಧ ಮೊತ್ತ 52.5; ಅದರಿಂದ 55 ಕಳೆದರೆ ಋಣಸಂಖ್ಯೆ, ವರ್ಗಮೂಲವೇ ಸಿಗುವುದಿಲ್ಲ. ಅಂಥ ತ್ರಿಕೋನ ಇರೋಕೆ ಸಾಧ್ಯವೇ ಇಲ್ಲ. 20 ಮತ್ತು 30 ಅಡಿಯ ಎರಡು ಬದಿ ಸೇರಿದರೂ 55 ಮುಟ್ಟುವುದಿಲ್ಲ, ಅಲ್ವಾ?

ಬರೀ ಮೂರು ಅಳತೆಯಿಂದ ಇಷ್ಟೆಲ್ಲ ಹೇಗೆ? ಮೂರು ಪಟ್ಟಿಗಳನ್ನು ತುದಿಗೆ ಒಂದೊಂದೇ ಮೊಳೆ ಹೊಡೆದು ಜೋಡಿಸಿ ನೋಡಿ. ಎಷ್ಟು ತಳ್ಳಿದರೂ ಆಕಾರ ಕದಲುವುದಿಲ್ಲ. ನಾಲ್ಕು ಪಟ್ಟಿ ಜೋಡಿಸಿದರೆ ಸುಮ್ನೆ ಬೆರಳು ತಾಗಿಸಿದರೂ ವಾಲುತ್ತದೆ.

30-40 ಸೈಟಿಗೂ ಇದೇ ಕಥೆ. ನಾಲ್ಕೂ ಬದಿ ಸರಿಯಾಗಿ ಅಳೆದಿದ್ದರೂ 1200 ಚದರಡಿ ಗ್ಯಾರಂಟಿ ಇಲ್ಲ. ಮೂಲೆಯಿಂದ ಮೂಲೆಗೆ ಒಮ್ಮೆ ಟೇಪು ಎಳೆಯಬೇಕು. ಈಗ ಸೈಟು ಎರಡು ತ್ರಿಕೋನವಾಯಿತು. ಮೂಲೆ ಮಟ್ಟವಿದೆಯೇ ಅಂತ ಮೇಸ್ತ್ರಿಗಳು ದಾರ ಕಟ್ಟಿ ನೋಡುವ 3-4-5 ಅಳತೆ ಇಲ್ಲಿ 30-40-50. ಐವತ್ತು ಬಂದರೆ ಮೂಲೆ ಮಟ್ಟ, ಪೂರ್ತಿ 1200. ನಲವತ್ತೇ ಬಂದರೆ ಸಿಗುವುದು ಸುಮಾರು 1112.