‘ಒಂದೂ ಅವಘಡ ಆಗಿಲ್ಲ ಸರ್’

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೊರಡುವವರು ಸಾಮಾನ್ಯವಾಗಿ ಕೇಳುವುದು: ಈಜು ಬರಲ್ಲ, ನಡೆಯುತ್ತಾ? ವಿಡಿಯೊ ಫ್ರೀ ಕೊಡ್ತೀರಾ? ‘ಈ ಸೀಸನ್‌ನಲ್ಲಿ ನಿಮ್ಮಲ್ಲಿ ಏನೇನು ಎಡವಟ್ಟಾಯ್ತು?’ ಅಂತ ಕೇಳುವವರು ಅಪರೂಪ. ಕೇಳಿದರೂ ನಮ್ಮ ಕಸುಬಿನಲ್ಲಿ ಉತ್ತರ ರೆಡಿ ಇದೆ: ‘ಒಂದೂ ಆಗಿಲ್ಲ ಸರ್.’

ಡೈವಿಂಗ್ ಕಲಿಸುವ ನಾನೇ ಇದನ್ನು ನಂಬುವುದಿಲ್ಲ. ಕಿವಿ ನೋವೆಂದು ಅರ್ಧಕ್ಕೇ ಮೇಲೆ ಬಂದವರು, ಬಾಯಿಂದ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಜಾರಿದವರು, ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಲು ನೋಡಿದವರು ಎಲ್ಲ ಕಡೆ ಇರುತ್ತಾರೆ. ಈ ಕೊನೆಯದು ಸಣ್ಣ ವಿಷಯವಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ದುಪ್ಪಟ್ಟು ಹಿಗ್ಗುತ್ತದೆ. ಉಸಿರು ಬಿಡದಿದ್ದರೆ ಶ್ವಾಸಕೋಶ ಹರಿಯಬಹುದು. ಇನ್‌ಸ್ಟ್ರಕ್ಟರ್ ಹಿಡಿದು ತಡೆಯುತ್ತಾರೆ, ದೋಣಿ ಹತ್ತಿದ ಮೇಲೆ ಎಲ್ಲರೂ ನಗುತ್ತಾರೆ, ಅಲ್ಲಿಗೆ ಮುಗಿಯಿತು. ಯಾರೂ ಬರೆದಿಡುವುದಿಲ್ಲ. ಬರೆದರೆ ಗಿರಾಕಿ ಪಕ್ಕದವರ ಹತ್ತಿರ ಹೋಗುತ್ತಾರೆ ಎಂಬ ಭಯ. ಭಯ ಸುಳ್ಳೂ ಅಲ್ಲ.

ಬ್ರಿಟನ್ನಿನ ಡೈವಿಂಗ್ ಸಂಘವಾದ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ಮಾತ್ರ ಪ್ರತಿ ವರ್ಷ ಅವಘಡಗಳ ವರದಿಯನ್ನೇ ಹೊರತರುತ್ತದೆ. ಡೈವರ್‌ಗಳ ಹೆಸರಿಲ್ಲ, ಏನಾಯ್ತು ಅನ್ನುವುದಷ್ಟೇ. ಯಾರೋ ಪಟ್ಟ ಪಾಡು ಇನ್ನೊಬ್ಬರಿಗೆ ಪಾಠವಾಗುತ್ತದೆ.

ಆಸ್ಟ್ರೇಲಿಯಾ ಇದನ್ನು ಜೀವ ತೆತ್ತು ಕಲಿಯಿತು. 1998ರ ಜನವರಿ 25ರಂದು ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ಟಾಮ್ ಮತ್ತು ಐಲೀನ್ ಲೋನರ್ಗನ್ ದಂಪತಿ ಇನ್ನೂ ನೀರಿನಲ್ಲಿರುವಾಗಲೇ ದೋಣಿ ದಡಕ್ಕೆ ಹೊರಟಿತು. ತಲೆ ಎಣಿಕೆ ತಪ್ಪಿತ್ತು. ಅವರ ಬ್ಯಾಗ್ ದೋಣಿಯಲ್ಲೇ ಇತ್ತು. ಆದರೂ ಇಬ್ಬರು ಕಾಣೆ ಅಂತ ಹೊಳೆದದ್ದು ಎರಡು ದಿನದ ನಂತರ! ಅವರು ಸಿಗಲೇ ಇಲ್ಲ. ಆಮೇಲೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಎಣಿಕೆಯ ನಿಯಮ ಬಿಗಿಯಾಯಿತು. ಸುಮ್ನೆ ಬೆರಳು ತೋರಿಸಿ ಎಣಿಸಿದರೆ ಸಾಲದು, ಲೆಕ್ಕ ಬರವಣಿಗೆಯಲ್ಲಿ ಇರಬೇಕು.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ತಲೆ ಎಣಿಸುವವರು ಯಾರು, ಎಲ್ಲಿ ಬರೆಯುತ್ತಾರೆ ಅಂತ ಕೇಳಿ. ತುರ್ತಿಗೆ ಆಕ್ಸಿಜನ್ ಇದೆಯಾ ಅಂತಲೂ ಕೇಳಿ. (ಬೆನ್ನಿಗೆ ಕಟ್ಟುವುದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ.) ‘ಇದೆ’ ಅಂದರೆ ಸಾಕಾಗಲ್ಲ. ಆಕ್ಸಿಜನ್ ಸಿಲಿಂಡರಿನ ವಾಲ್ವ್ ತಿರುಗಿಸಿ ಒತ್ತಡದ ಗೇಜ್ ತೋರಿಸಲು ಹೇಳಿ, ಮಾಸ್ಕ್ ಎಲ್ಲಿದೆ ನೋಡಿ. ಕೊನೆಯದಾಗಿ, ಹೋದ ತಿಂಗಳು ಯಾರಿಗಾದರೂ ತೊಂದರೆಯಾಯ್ತಾ, ಆಮೇಲೆ ಏನು ಬದಲಾಯಿಸಿದಿರಿ ಅಂತ ಕೇಳಿ. ‘ಒಬ್ಬರು ಗಾಬರಿಯಾದರು, ಅವತ್ತಿಂದ ಒಬ್ಬ ಇನ್‌ಸ್ಟ್ರಕ್ಟರ್‌ಗೆ ಒಬ್ಬರನ್ನೇ ಕೊಡ್ತಿದೀವಿ’ ಅನ್ನುವವರ ಜೊತೆ ನಾನಾದರೆ ಧೈರ್ಯವಾಗಿ ಇಳಿಯುತ್ತೇನೆ.