ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್: ತಪ್ಪು ಫಾಗ್ ಲೈಟಿನದೇ?

ಪ್ರಶ್ನೆ: ನನ್ನದು 400 ಸಿಸಿ ವರ್ಗದ ಟೂರಿಂಗ್ ಬೈಕು. ದೂರದ ಪ್ರಯಾಣಕ್ಕೆಂದು ಒಂದು ಜೊತೆ ಫಾಗ್ ಲೈಟ್, ಹ್ಯಾಂಡಲ್ ಮೇಲೆ ಯುಎಸ್‌ಬಿ ಚಾರ್ಜರ್, ಸೀಟಿನ ಕೆಳಗೆ ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದೇನೆ. ಅಂದಿನಿಂದ ಬೈಕು ಮೂರ್ನಾಲ್ಕು ದಿನ ನಿಂತರೆ ಸಾಕು, ಸೆಲ್ಫ್ ಒತ್ತಿದಾಗ ಟಕ್ ಟಕ್ ಎನ್ನುತ್ತದೆಯೇ ಹೊರತು ಎಂಜಿನ್ ತಿರುಗುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದರೂ ಎರಡು ತಿಂಗಳಲ್ಲಿ ಅದೇ ಕಥೆ. ಮೆಕ್ಯಾನಿಕ್ ಫಾಗ್ ಲೈಟ್ ತೆಗೆಸಿಬಿಡಿ ಎನ್ನುತ್ತಾರೆ. ತೆಗೆಯಲೇಬೇಕೇ?

ಉತ್ತರ: ಈಗಲೇ ತೆಗೆಯಬೇಡಿ. ದೂರು ಬರುತ್ತಿರುವುದು ಬೈಕು ನಿಂತಿದ್ದಾಗ, ಫಾಗ್ ಲೈಟ್ ಉರಿಯುವುದು ಬೈಕು ಓಡುವಾಗ. ಸ್ವಿಚ್ ಆರಿಸಿದ ದೀಪ ನಾಲ್ಕು ದಿನ ಕುಳಿತು ಬ್ಯಾಟರಿ ಕುಡಿಯುವುದು ಅಪರೂಪ. ಆದರೆ ಕಣ್ಣಿಗೆ ಎದ್ದು ಕಾಣುವ ವಸ್ತು ಅದೇ ಆದ್ದರಿಂದ ಗ್ಯಾರೇಜಿನಲ್ಲಿ ಮೊದಲ ಅನುಮಾನವೂ ಅದರ ಮೇಲೆಯೇ ಬೀಳುತ್ತದೆ. ಇಂಥ ದೂರುಗಳಲ್ಲಿ ಬಹುಪಾಲು ಕಳ್ಳತನ ನಡೆಯುವುದು ಕೀ ತೆಗೆದ ಮೇಲೆ, ನೇರವಾಗಿ ಬ್ಯಾಟರಿಗೆ ಕಟ್ಟಿದ ಸಣ್ಣ ವಸ್ತುಗಳಿಂದ. ನಿಮ್ಮ ಬೈಕಿನಲ್ಲಿ ಅಂಥವು ಎರಡಿವೆ.

ಒಂದು ಸಣ್ಣ ಲೆಕ್ಕ ಹಾಕೋಣ. ಕೀ ಆಫ್ ಆಗಿರುವಾಗ ಬೈಕಿನ ಗಡಿಯಾರ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಸೇರಿ ಎಳೆಯುವ ಕರೆಂಟು ಸಾಮಾನ್ಯವಾಗಿ ಒಂದೆರಡು ಮಿಲಿಆಂಪಿಯರ್ ಮಾತ್ರ. ನೀಲಿ ದೀಪ ಹಾಗೂ ಪುಟ್ಟ ವೋಲ್ಟ್‌ಮೀಟರ್ ಇರುವ ಯುಎಸ್‌ಬಿ ಚಾರ್ಜರ್ ಫೋನ್ ಸಿಕ್ಕಿಸದಿದ್ದರೂ 15 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಆಗಾಗ ಎಚ್ಚರಗೊಂಡು ಮೊಬೈಲ್ ನೆಟ್‌ವರ್ಕ್ ಹುಡುಕುವ ಟ್ರ್ಯಾಕರ್ ಸರಾಸರಿ 25. ಒಟ್ಟು ಸುಮಾರು 42 ಮಿಲಿಆಂಪಿಯರ್, ಅಂದರೆ 24 ಗಂಟೆಗೆ ಒಂದು ಆಂಪಿಯರ್-ಅವರ್ (ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದಷ್ಟು). ಈ ವರ್ಗದ ಬೈಕುಗಳಲ್ಲಿ ಬ್ಯಾಟರಿ ಸಾಮಾನ್ಯವಾಗಿ 8 ಅಥವಾ 9 ಆಂಪಿಯರ್-ಅವರ್‌ನದು. ನಾಲ್ಕು ದಿನದಲ್ಲಿ ಅದರ ಅರ್ಧದಷ್ಟು ಖಾಲಿಯಾದರೆ ಉಳಿದ ಅರ್ಧದಲ್ಲಿ ಡ್ಯಾಶ್‌ಬೋರ್ಡ್ ದೀಪವೇನೋ ಉರಿಯುತ್ತದೆ, ಹತ್ತಾರು ಆಂಪಿಯರ್ ಕೇಳುವ ಸ್ಟಾರ್ಟರ್ ಮೋಟಾರ್ ಮಾತ್ರ ತಿರುಗುವುದಿಲ್ಲ. ಆ ಟಕ್ ಟಕ್ ಶಬ್ದ ಸ್ಟಾರ್ಟರ್ ರಿಲೇಯದು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚಿನದು: ರಿಲೇ ಅಂಟಿಕೊಂಡ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ರಿಲೇ ಕೈಬಿಡುತ್ತದೆ, ವೋಲ್ಟೇಜ್ ಏರುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ.

ಹೊಸ ಬ್ಯಾಟರಿಯೂ ಎರಡೇ ತಿಂಗಳಿಗೆ ಸೋತದ್ದಕ್ಕೆ ಕಾರಣವೂ ಇಲ್ಲೇ ಇದೆ. ಲೆಡ್-ಆ್ಯಸಿಡ್ ಬ್ಯಾಟರಿಯನ್ನು ಅರೆಖಾಲಿ ಸ್ಥಿತಿಯಲ್ಲಿ ದಿನಗಟ್ಟಲೆ ಬಿಟ್ಟರೆ ಅದರ ಸೀಸದ ಫಲಕಗಳ ಮೇಲೆ ಕೂರುವ ಲೆಡ್ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಆ ಭಾಗ ಪೂರ್ತಿಯಾಗಿ ಕೆಲಸಕ್ಕೆ ಮರಳುವುದಿಲ್ಲ. ನಾಲ್ಕಾರು ಸಲ ಹೀಗಾದರೆ ಮೇಲೆ 8 ಎಂದು ಬರೆದಿರುವ ಬ್ಯಾಟರಿ ಐದಕ್ಕೋ ನಾಲ್ಕಕ್ಕೋ ಇಳಿದಿರುತ್ತದೆ. ಸೋರುವ ತೊಟ್ಟಿಗೆ ಹೊಸ ನೀರು ತುಂಬಿಸಿದಂತೆ, ಮೂರನೆಯ ಬ್ಯಾಟರಿ ಹಾಕಿಸಿದರೂ ಇದೇ ಗತಿ.

ಹಾಗಾದರೆ ಸೋರಿಕೆಯನ್ನು ಅಳೆಯುವುದು ಹೇಗೆ? ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ, ನಿಮ್ಮ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಾಗಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿ ಬೈಕು ನಿಲ್ಲಿಸಿ ಬೆಳಿಗ್ಗೆ, ಕೀ ಹಾಕುವ ಮೊದಲೇ, ಬ್ಯಾಟರಿಯ ವೋಲ್ಟೇಜ್ ನೋಡಿ. ಪೂರ್ತಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಬಂದರೆ ಬಹುತೇಕ ಖಾಲಿ. ಮುಂದಿನದು ಕರೆಂಟು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಮೀಟರಿನ ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಮೀಟರು ಆ ತಂತಿ ಮತ್ತು ಬ್ಯಾಟರಿಯ ನೆಗೆಟಿವ್ ತುದಿಯ ನಡುವೆ ಬರುವಂತೆ ಹಿಡಿಯಿರಿ. ಹೀಗೆ ಜೋಡಿಸಿದ್ದಾಗ ತಪ್ಪಿಯೂ ಕೀ ತಿರುಗಿಸಬಾರದು, ಸೆಲ್ಫ್ ಒತ್ತಲಂತೂ ಬಾರದು. ಮೀಟರಿನ ಫ್ಯೂಸ್ ಹಾರಿಹೋಗುತ್ತದೆ. ಮೊದಲ ಕೆಲವು ನಿಮಿಷ ಮೀಟರಿನ ಓದು (ರೀಡಿಂಗ್) ಜಾಸ್ತಿಯೇ ಇರುತ್ತದೆ, ಏಕೆಂದರೆ ಇಸಿಯು ಮತ್ತು ಟ್ರ್ಯಾಕರ್ ನಿದ್ದೆಗೆ ಜಾರಲು ಸಮಯ ಬೇಕು. ಹತ್ತು ನಿಮಿಷದ ನಂತರವೂ 5 ಮಿಲಿಆಂಪಿಯರ್‌ಗಿಂತ ಹೆಚ್ಚಿದ್ದರೆ, ಆಮೇಲೆ ಹಾಕಿಸಿದ ವಸ್ತುಗಳನ್ನು ಒಂದೊಂದಾಗಿ ಕಳಚುತ್ತ ಮೀಟರ್ ನೋಡುತ್ತಿರಿ. ಯಾವುದನ್ನು ಕಳಚಿದಾಗ ಓದು ದಪ್ಪನೆ ಬೀಳುತ್ತದೆಯೋ ಅದೇ ನಿಮ್ಮ ಕಳ್ಳ. (ನೆಗೆಟಿವ್ ತಂತಿಯನ್ನೇ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಗುಲಿದರೆ ಏಳುವ ಕಿಡಿಯನ್ನು ಒಮ್ಮೆ ಕಂಡವರಿಗೆ ಈ ಕ್ರಮವನ್ನು ಮತ್ತೆ ಹೇಳಬೇಕಾಗಿಲ್ಲ.)

ಸೋರಿಕೆಯೇ ಇಲ್ಲವೆಂದು ಮೀಟರ್ ಹೇಳಿದರೆ ಚಾರ್ಜಿಂಗ್ ಕಡೆ ತಿರುಗಬೇಕು. ಎಂಜಿನ್ ಚಾಲೂ ಮಾಡಿ 4,000ದಿಂದ 5,000 ಆರ್‌ಪಿಎಂನಲ್ಲಿ ಬ್ಯಾಟರಿಯ ಎರಡು ತುದಿಗಳ ನಡುವೆ 13.8ರಿಂದ 14.5 ವೋಲ್ಟ್ ಕಂಡರೆ ಎಲ್ಲವೂ ಸರಿ. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆ ಎಂದರ್ಥ. 13ನ್ನೂ ಮುಟ್ಟದಿದ್ದರೆ ತಪ್ಪು ರೆಗ್ಯುಲೇಟರಿನದೋ, ಕರೆಂಟು ಹುಟ್ಟಿಸುವ, ಮೆಕ್ಯಾನಿಕ್‌ಗಳು ಮ್ಯಾಗ್ನೆಟ್ ಕಾಯಿಲ್ ಎನ್ನುವ ಸ್ಟೇಟರಿನದೋ ಎಂಬುದು ಪ್ರಶ್ನೆ. ಸ್ಟೇಟರಿನಿಂದ ಬರುವ ಮೂರು ತಂತಿಗಳ ಕನೆಕ್ಟರ್ ಬಿಚ್ಚಿ, ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಎರಡೆರಡು ತಂತಿಗಳ ನಡುವೆ ಅಳೆದಾಗ ಮೂರು ಜೋಡಿಗಳಲ್ಲೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಬರಬೇಕು, ಅದು ಆರ್‌ಪಿಎಂ ಜೊತೆ ಏರುತ್ತಲೂ ಹೋಗಬೇಕು. ಎಂಜಿನ್ ಆರಿಸಿ ನೋಡಿದರೆ ಯಾವ ತಂತಿಗೂ ಚಾಸಿಗೂ ಸಂಪರ್ಕ ಇರಕೂಡದು. ಇಷ್ಟು ಸರಿಯಿದ್ದರೆ ಸ್ಟೇಟರ್ ನಿರಪರಾಧಿ. ಅದೇ ಕನೆಕ್ಟರನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡಿ. ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ದೋಷ ಅಲ್ಲೇ ಇರಬಹುದು, ದುಬಾರಿ ಬಿಡಿಭಾಗವನ್ನು ಬದಲಿಸುವ ಅಗತ್ಯವೇ ಬಾರದಿರಬಹುದು.

ಇನ್ನು ಫಾಗ್ ಲೈಟಿನ ವಿಚಾರ. ಸೋರಿಕೆಯ ಆರೋಪದಿಂದ ಅದನ್ನು ಬಿಡುಗಡೆ ಮಾಡಿದರೂ ಕರೆಂಟಿನ ಖರ್ಚಿನ ಲೆಕ್ಕದಿಂದ ಬಿಡಲಾಗದು. ಈ ವರ್ಗದ ಬೈಕುಗಳ ಆಲ್ಟರ್ನೇಟರ್ (ಆ ಸ್ಟೇಟರ್ ಕುಳಿತಿರುವ ಜನರೇಟರ್) ಸಾಮಾನ್ಯವಾಗಿ 200ರಿಂದ 300 ವ್ಯಾಟ್ ಕೊಡುತ್ತದೆ, ಅದೂ ಎಂಜಿನ್ ಒಳ್ಳೆಯ ವೇಗದಲ್ಲಿದ್ದಾಗ. 2017ರ ಏಪ್ರಿಲ್ 1ರಿಂದ ನಮ್ಮಲ್ಲಿ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ಹೊತ್ತಿಕೊಳ್ಳುವುದು ಕಡ್ಡಾಯವಾದ್ದರಿಂದ ಹ್ಯಾಲೊಜೆನ್ ಬಲ್ಬಿನ 55 ವ್ಯಾಟ್ ಹಗಲಲ್ಲೂ ಹೋಗುತ್ತಲೇ ಇರುತ್ತದೆ. ಪೆಟ್ರೋಲ್ ಪಂಪ್, ಇಂಜೆಕ್ಟರ್, ಇಗ್ನಿಷನ್, ಇಸಿಯು, ಎಬಿಎಸ್, ಹಿಂದಿನ ದೀಪ ಎಲ್ಲ ಸೇರಿ ಇನ್ನೊಂದು 80 ಎಂದು ಹಿಡಿದರೆ, 220 ವ್ಯಾಟಿನ ಆಲ್ಟರ್ನೇಟರಿನಲ್ಲಿ ನಿಮ್ಮ ಪಾಲಿಗೆ ಉಳಿಯುವುದು ಸುಮಾರು 85. ತಲಾ 40 ವ್ಯಾಟಿನ ಎರಡು ದೀಪ ಹಾಕಿದರೆ ಅದು ಮುಗಿಯಿತು. ಹೆದ್ದಾರಿಯಲ್ಲಿ ಇದು ಹೇಗೋ ಸರಿದೂಗುತ್ತದೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಂಜೆ ಅರ್ಧ ಗಂಟೆ ಐಡ್ಲಿಂಗ್‌ನಲ್ಲಿ ತೆವಳುವಾಗ ಆಲ್ಟರ್ನೇಟರ್ ಕೊಡುವುದು ತೀರಾ ಕಡಿಮೆ, ಕೊರತೆಯನ್ನು ತುಂಬುವುದು ಬ್ಯಾಟರಿ. ಊರೊಳಗೆ ಫಾಗ್ ಲೈಟ್ ಆರಿಸಿಡಿ ಎನ್ನುವುದಕ್ಕೆ ಇದೊಂದೇ ಕಾರಣವಲ್ಲ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಪ್ರಕರಣ ದಾಖಲಿಸತೊಡಗಿದ್ದಾರೆ, ಎದುರು ಬರುವವರ ಕಣ್ಣಿನ ದೃಷ್ಟಿಯಿಂದ ಅದು ಸರಿಯೂ ಹೌದು. ದೀಪದ ಡಬ್ಬಿಯ ಮೇಲಿನ ವ್ಯಾಟ್ ಸಂಖ್ಯೆಯನ್ನಂತೂ ನಂಬಬೇಡಿ. ಅಗ್ಗದ ದೀಪಗಳಲ್ಲಿ ಬರೆದಿರುವುದಕ್ಕೂ ಮೀಟರ್ ತೋರಿಸುವುದಕ್ಕೂ ಸಂಬಂಧ ಕಡಿಮೆ.

ಈಗ ಜೋಡಣೆಗೆ ಬರೋಣ. ನಿಮ್ಮ ತೊಂದರೆಯ ಪರಿಹಾರವೂ ಇದರಲ್ಲೇ ಇದೆ. ಬ್ಯಾಟರಿಯ ಪಾಸಿಟಿವ್ ತುದಿಯ ಮೇಲೆ ಮೂರು ನಾಲ್ಕು ತಂತಿಗಳ ಲಗ್‌ಗಳನ್ನು (ತಂತಿಯ ತುದಿಯ ಲೋಹದ ಬಳೆಗಳನ್ನು) ಒಂದರ ಮೇಲೊಂದು ಪೇರಿಸುವ ಬದಲು ಅಲ್ಲಿಂದ ಒಂದೇ ದಪ್ಪ ತಂತಿಯನ್ನು ತೆಗೆದುಕೊಳ್ಳಿ. ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ, ಏಕೆಂದರೆ ಫ್ಯೂಸ್ ಕಾಯುವುದು ತಂತಿಯನ್ನು. ಫ್ಯೂಸಿಗಿಂತ ಮೊದಲೇ ತಂತಿ ಚಾಸಿಗೆ ಉಜ್ಜಿ ಸಿಪ್ಪೆ ಕಳಚಿಕೊಂಡರೆ ಕಾಯುವವರು ಯಾರೂ ಇಲ್ಲ. ಅಲ್ಲಿಂದ ಆ ತಂತಿ ರಿಲೇಯ 30ನೇ ಪಿನ್ನಿಗೆ, 87ರಿಂದ ಸಣ್ಣದೊಂದು ಫ್ಯೂಸ್ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ದೀಪಕ್ಕೂ ಚಾರ್ಜರಿಗೂ ಪ್ರತ್ಯೇಕವಾಗಿ ಹೋಗಬೇಕು. ರಿಲೇಯ 85 ಮತ್ತು 86 ಅದರ ಕಾಯಿಲ್‌ನ ಪಿನ್ನುಗಳು: ಒಂದು ಅರ್ಥ್‌ಗೆ, ಇನ್ನೊಂದು ಕೀ ಹಾಕಿದಾಗ ಮಾತ್ರ ಜೀವ ಬರುವ ತಂತಿಗೆ, ಉದಾಹರಣೆಗೆ ನಂಬರ್ ಪ್ಲೇಟ್ ದೀಪದ ತಂತಿಗೆ. ಕಾಯಿಲ್ ಬೇಡುವುದು ಆಂಪಿಯರಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ ಆದ್ದರಿಂದ ಬೈಕಿನ ಮೂಲ ವೈರಿಂಗ್‌ಗೆ ಅದು ಭಾರವಾಗುವುದಿಲ್ಲ. ಕೀ ತೆಗೆದ ಕ್ಷಣ ರಿಲೇ ಬಿಟ್ಟುಕೊಳ್ಳುತ್ತದೆ, ಅದರ ಹಿಂದಿರುವುದೆಲ್ಲ ಸಾಯುತ್ತದೆ, ಚಾರ್ಜರಿನ ನೀಲಿ ದೀಪವೂ ಸೇರಿ.

ಫ್ಯೂಸಿನ ಅಳತೆಗೆ ಸರಳ ಭಾಗಾಕಾರ ಸಾಕು. 80 ವ್ಯಾಟನ್ನು 12ರಿಂದ ಭಾಗಿಸಿದರೆ 6.7 ಆಂಪಿಯರ್, ಆದ್ದರಿಂದ ದೀಪಗಳಿಗೆ ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್. ಪದೇ ಪದೇ ಹಾರುತ್ತದೆಂದು ಹಳದಿಯ 20 ಹಾಕಿದರೆ ಮುಂದಿನ ಸಲ ಕರಗುವುದು ತಂತಿ. ತಂತಿಯ ದಪ್ಪದಲ್ಲೂ ಕೈ ಬಿಗಿ ಹಿಡಿಯಬೇಡಿ. ಬ್ಯಾಟರಿಯಿಂದ ದೀಪಕ್ಕೆ ಹೋಗಿ ಬರುವ ದಾರಿ ಮೂರು ಮೀಟರ್ ಎಂದುಕೊಂಡರೆ, ಅರ್ಧ ಚದರ ಮಿಲಿಮೀಟರಿನ ತೆಳು ತಂತಿಯಲ್ಲಿ 6 ಆಂಪಿಯರ್ ಹರಿದಾಗ ದಾರಿಯಲ್ಲೇ 0.6 ವೋಲ್ಟ್ ಕಳೆದುಹೋಗುತ್ತದೆ. ಒಂದೂವರೆ ಚದರ ಮಿಲಿಮೀಟರಿನದರಲ್ಲಿ 0.2 ಮಾತ್ರ.

ಅರ್ಥ್ ಬಗ್ಗೆ ನಾನು ಕಲಿತದ್ದು ಚಾರ್ಮಾಡಿಯಲ್ಲಿ. ಒಂದು ಜುಲೈ ಸಂಜೆ, ಘಾಟಿಯ ಮಂಜಿನಲ್ಲಿ, ತಿರುವಿಗೊಮ್ಮೆ ಹಾರ್ನ್ ಒತ್ತಿದಾಗಲೆಲ್ಲ ನನ್ನ ಫಾಗ್ ಲೈಟ್ ಮಿಣುಕಿ ಮಂಕಾಗುತ್ತಿತ್ತು. ಕೊಟ್ಟಿಗೆಹಾರದಲ್ಲಿ ಅಂಗಡಿಯೊಂದರ ಸೂರಿನ ಕೆಳಗೆ ನಿಲ್ಲಿಸಿ, ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಪ್ರೋಬನ್ನು ದೀಪದ ಅರ್ಥ್ ಲಗ್ಗಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಹಿಡಿದೆ. 0.1 ವೋಲ್ಟಿನ ಆಸುಪಾಸು ಇರಬೇಕಾದಲ್ಲಿ 1.4 ಇತ್ತು. ದೀಪದ ಮತ್ತು ಹಾರ್ನಿನ ಅರ್ಥ್ ಎರಡನ್ನೂ ನಾನೇ ಟ್ಯಾಂಕಿನ ಕೆಳಗಿನ ಒಂದು ಬೋಲ್ಟಿಗೆ ಬಿಗಿದಿದ್ದೆ. ಚಾಸಿಯ ಕಪ್ಪು ಬಣ್ಣವನ್ನು ಕೆರೆಯದೆ, ಬಣ್ಣದ ಮೇಲೆಯೇ. ಬೋಲ್ಟಿನ ಎಳೆಗಳ ಮೂಲಕ ಅಷ್ಟಿಷ್ಟು ಹರಿಯುತ್ತಿದ್ದ ಕರೆಂಟಿಗೆ ಮಳೆ ನೀರು ತುಕ್ಕಿನ ಅಡ್ಡಿಯನ್ನೂ ಸೇರಿಸಿತ್ತು. ಚಾಕುವಿನ ತುದಿಯಿಂದ ನಾಲ್ಕಾಣೆಯ ಅಗಲ ಬಣ್ಣ ಕೆರೆದು ಮತ್ತೆ ಬಿಗಿದಾಗ ಮೀಟರಿನಲ್ಲಿ 0.06. ಊರಿಗೆ ಬಂದ ಮೇಲೆ ಎಲ್ಲ ಅರ್ಥ್ ತಂತಿಗಳನ್ನೂ ಚಾಸಿಯಿಂದ ಬಿಡಿಸಿ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ತಂದುಕೊಂಡೆ.

ಮಲೆನಾಡಿನ ಮಳೆ ಕಂಡ ಬೈಕುಗಳಲ್ಲಿ ಇನ್ನೊಂದು ನಿತ್ಯದ ರೋಗವೆಂದರೆ ತಂತಿ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ ಗಂಟು. ಎಂಜಿನ್ನಿನ ಬಿಸಿಗೆ ಟೇಪಿನ ಅಂಟು ಇಳಿದು, ನೀರು ಒಳಗಿಳಿದು, ತಾಮ್ರದ ಎಳೆಗಳು ಹಸಿರುಗಟ್ಟುತ್ತವೆ. ಒಳ್ಳೆಯ ಕ್ರಿಂಪಿಂಗ್ ಪ್ಲೈಯರಿನಲ್ಲಿ ಒತ್ತಿದ ಜೋಡಣೆಯ ಮೇಲೆ ಹೀಟ್ ಶ್ರಿಂಕ್ ಟ್ಯೂಬ್ ಎಳೆಯುವುದು ನನ್ನ ಆಯ್ಕೆ. ಬೆಸುಗೆ ಹಾಕಿದರೆ ಸೀಸ ಹರಿದು ನಿಂತ ಜಾಗದಲ್ಲಿ ತಂತಿ ಸೆಟೆದುಕೊಂಡು, ಬೈಕಿನ ಅದುರಿಗೆ ಸರಿಯಾಗಿ ಆ ಅಂಚಿನಲ್ಲೇ ತುಂಡಾಗುವುದುಂಟು.

ಉಳಿದದ್ದು ಟ್ರ್ಯಾಕರ್. ಬೈಕು ಕಳುವಾದಾಗಲೇ ಕೆಲಸಕ್ಕೆ ಬರಬೇಕಾದ ವಸ್ತುವನ್ನು ಕೀಯ ಹಿಂದೆ ಕಟ್ಟಲಾಗುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ 1 ಅಥವಾ 2 ಆಂಪಿಯರಿನ ಫ್ಯೂಸ್ ಹಾಕಿ ಬ್ಯಾಟರಿಗೇ ಕೊಡಿ. ನಿಂತಾಗ ಎಷ್ಟು ಹೊತ್ತಿಗೊಮ್ಮೆ ಸುದ್ದಿ ಕಳುಹಿಸಬೇಕೆಂಬ ಆಯ್ಕೆ ಅದರ ಆ್ಯಪ್‌ನಲ್ಲಿದ್ದರೆ ಆ ಅಂತರವನ್ನು ಹೆಚ್ಚಿಸಿ. ಚಾರ್ಜರಿನ ಸೋರಿಕೆ ನಿಂತಿರುವುದರಿಂದ ನಾಲ್ಕೈದು ದಿನ ನಿಂತ ಬೈಕು ಒಂದೇ ಸೆಲ್ಫಿಗೆ ಏಳಬೇಕು, ಬ್ಯಾಟರಿ ಈಗಾಗಲೇ ಸೊರಗಿಲ್ಲದಿದ್ದರೆ. ವಾರಕ್ಕೂ ಹೆಚ್ಚು ನಿಲ್ಲಿಸುವುದಾದರೆ ಟ್ರ್ಯಾಕರಿನ ಫ್ಯೂಸ್ ಕೀಳಿ, ಇಲ್ಲವೇ ಮನೆಯ ಪ್ಲಗ್ಗಿನಿಂದ ನಿಧಾನವಾಗಿ ತುಂಬುವ ಬ್ಯಾಟರಿ ಮೇಂಟೇನರ್ ಸಿಕ್ಕಿಸಿಡಿ.

ಇಷ್ಟೆಲ್ಲ ಹೇಳಿದ್ದು ಫ್ಯೂಸ್ ಮತ್ತು ರಿಲೇಗಳ ಸಾಂಪ್ರದಾಯಿಕ ವೈರಿಂಗ್ ಇರುವ ಬೈಕುಗಳಿಗೆ. ಬಿಎಂಡಬ್ಲ್ಯು ಜಿಎಸ್‌ನಂಥ ಕ್ಯಾನ್-ಬಸ್ (ಭಾಗಗಳು ಕಂಪ್ಯೂಟರ್ ಜಾಲದ ಮೂಲಕ ಮಾತಾಡಿಕೊಳ್ಳುವ) ಬೈಕುಗಳಲ್ಲಿ ದೀಪಗಳ ಕರೆಂಟನ್ನು ಕಂಪ್ಯೂಟರೇ ಎಣಿಸುತ್ತಿರುತ್ತದೆ. ಅಂಥಲ್ಲಿ ಮೂಲ ತಂತಿಗೆ ಹೊಸ ದೀಪ ಕಟ್ಟಿದರೆ ಅದು ದೋಷವೆಂದು ಬಗೆದು ಆ ಸರ್ಕಿಟನ್ನೇ ಮುಚ್ಚಬಹುದು, ಆದ್ದರಿಂದ ಆ ಬೈಕಿಗೆಂದೇ ತಯಾರಿಸಿದ ಮಾಡ್ಯೂಲ್ ಬಳಸಬೇಕು. ಯಾವ ಬೈಕೇ ಆದರೂ ವಾರಂಟಿ ಉಳಿದಿದ್ದರೆ ಮೂಲ ವೈರಿಂಗ್ ಹಾರ್ನೆಸನ್ನು ಕತ್ತರಿಸುವ ಮೊದಲು ಷರತ್ತುಗಳನ್ನು ಓದಿ.

ಕೆಲಸ ಮುಗಿದ ಮೇಲೆ ಯಾವ ಫ್ಯೂಸ್ ಯಾವುದಕ್ಕೆ, ರಿಲೇ ಎಲ್ಲಿ ಕುಳಿತಿದೆ, ರಿಲೇಯನ್ನು ಎಬ್ಬಿಸುವ ಟ್ರಿಗರ್ ಯಾವ ಬಣ್ಣದ ತಂತಿಯಿಂದ ಬಂದಿದೆ ಎಂದು ಒಂದು ಚೀಟಿಯಲ್ಲಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸೀಟಿನ ಅಡಿಗೆ ಅಂಟಿಸಿಡಿ. ಜೊತೆಗೆ ಎರಡು ಫ್ಯೂಸ್, ಒಂದು ರಿಲೇ, ಒಂದು ಮೊಳ ತಂತಿ ಇರಲಿ. ಹಂಪಿಯ ಬಿಸಿಲಿನಲ್ಲೋ ಸ್ಪಿತಿಯ ಚಳಿಯಲ್ಲೋ ನಿಮ್ಮ ಸೀಟು ತೆಗೆದು ನೋಡುವ ಮೆಕ್ಯಾನಿಕ್‌ಗೆ ಆ ಚೀಟಿಯಿಂದ ಅರ್ಧ ಗಂಟೆಯ ಹುಡುಕಾಟ ಉಳಿಯುತ್ತದೆ.