ಆಕಾರನೇ ಇಲ್ಲದ ಪ್ರೋಟೀನನ್ನ ಬೆಳಕಲ್ಲಿ ಹಿಡಿದಿದ್ದು ಹೇಗೆ

ಪ್ರೋಟೀನ್ ಕೆಲಸ ಮಾಡ್ಬೇಕು ಅಂದ್ರೆ ಅದಕ್ಕೊಂದು ಗಟ್ಟಿ ಆಕಾರ ಇರ್ಲೇಬೇಕು ಅಂತ ಸುಮಾರು ನೂರು ವರ್ಷ ನಂಬಿದ್ರು. 1894ರಲ್ಲಿ ರಸಾಯನಶಾಸ್ತ್ರಜ್ಞ ಎಮಿಲ್ ಫಿಶರ್ ಬೀಗ-ಕೀಲಿ ಹೋಲಿಕೆ ಕೊಟ್ಟ (ಬೀಗಕ್ಕೆ ಕೀಲಿ ಕೂರೋ ಥರ ಅಣುಗಳ ಆಕಾರ ಒಂದಕ್ಕೊಂದು ಹೊಂದಬೇಕು ಅಂತ), ಆಮೇಲೆ ಕೆಂಡ್ರೂ, ಪೆರುಟ್ಜ್ ಎಕ್ಸ್‌ರೇಯಲ್ಲಿ ಮಯೋಗ್ಲೋಬಿನ್, ಹಿಮೋಗ್ಲೋಬಿನ್ ರಚನೆ ತೋರಿಸಿ 1962ರಲ್ಲಿ ನೊಬೆಲ್ ತಗೊಂಡ್ರು, ನಂಬಿಕೆ ಇನ್ನೂ ಬಲ ಆಯ್ತು. ಆದ್ರೆ ಆ ಎಕ್ಸ್‌ರೇಗೆ ಹರಳು ಬೇಕು, ದಾರದ ಥರ ಓಲಾಡೋ ಪ್ರೋಟೀನ್ ಹರಳೇ ಕಟ್ಟಲ್ಲ, ಹಾಗಾಗಿ ಅಂಥವು ಲೆಕ್ಕಕ್ಕೇ ಬರ್ಲಿಲ್ಲ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಜೀವಕೋಶದೊಳಗೆ ಗಂಟುಕಟ್ಟೋ ಆಲ್ಫಾ-ಸೈನ್ಯೂಕ್ಲಿನ್ ಅಂಥದ್ದೇ ಒಂದು, 140 ಅಮೈನೋ ಆಸಿಡ್‌ಗಳ ಸರ. ಟ್ಯೂಬಲ್ಲಿ ಕುದಿಸಿ ನೋಡಿ, ಬೇರೆ ಬಹಳಷ್ಟು ಪ್ರೋಟೀನ್‌ಗಳು ಬೆಂದ ಮೊಟ್ಟೆ ಥರ ಬೆಳ್ಳಗೆ ಗಟ್ಟಿಯಾಗತ್ವೆ, ಇದು ಮಾತ್ರ ತಿಳಿಯಾಗೇ ಇರತ್ತೆ, ಬಿಚ್ಕೊಳ್ಳೋಕೆ ಮಡಿಕೆನೇ ಇಲ್ವಲ್ಲ!

ಹೀಗೆ ಆಕಾರ ಇಲ್ಲ ಅನ್ನೋದನ್ನ ತೋರಿಸಿಕೊಟ್ಟಿದ್ದು ಸರ್ಕ್ಯುಲರ್ ಡೈಕ್ರಾಯಿಸಂ ಅನ್ನೋ ವಿಧಾನ, ಲ್ಯಾಬಲ್ಲಿ ಬರೀ ಸಿಡಿ ಅಂತೀವಿ. ಎಡಕ್ಕೆ ಸುತ್ತೋ ಬೆಳಕು, ಬಲಕ್ಕೆ ಸುತ್ತೋ ಬೆಳಕು, ಇವೆರಡನ್ನ ಪ್ರೋಟೀನ್ ಹೀರೋದ್ರಲ್ಲಿ ಎಷ್ಟು ವ್ಯತ್ಯಾಸ ಅನ್ನೋದನ್ನ ಅಳೆಯೋದು. ಹೆಲಿಕ್ಸ್ (ಸ್ಪ್ರಿಂಗ್ ಥರದ ಸುರುಳಿ) ಇದ್ರೆ ಗ್ರಾಫಲ್ಲಿ ಬೆಳಕಿನ ತರಂಗಾಂತರ 208, 222 ನ್ಯಾನೋಮೀಟರ್ ಇರೋ ಕಡೆ ಎರಡು ತಗ್ಗು ಕಾಣತ್ತೆ, ಆಕಾರ ಇಲ್ದಿದ್ರೆ 200ರ ಆಸುಪಾಸಲ್ಲಿ ಒಂದೇ ಆಳದ ತಗ್ಗು. 1996ರಲ್ಲಿ ಸೈನ್ಯೂಕ್ಲಿನ್‌ಗೆ ಹೀಗೆ ಸ್ಥಿರ ಆಕಾರ ಇಲ್ಲ ಅಂತ ಗೊತ್ತಾಯ್ತು. 1998ರಲ್ಲಿ ಅದಕ್ಕೆ ಕೊಬ್ಬಿನ ಪೊರೆಯ ಸಣ್ಣ ಗುಳ್ಳೆಗಳನ್ನ ಸೇರಿಸಿ ನೋಡಿದ್ರೆ ಹೆಲಿಕ್ಸ್ ಬಂದುಬಿಡ್ತು! ಅದೇ ಸರ ಒಂದಕ್ಕೊಂದು ಅಂಟಿ ನಾರಾದಾಗ ತಗ್ಗು 218ರ ಹತ್ರ ಹೋಗತ್ತೆ, ಅದು ಬೀಟಾ ಹಾಳೆಯ (ಸರದ ಎಳೆಗಳು ಪಕ್ಕಪಕ್ಕ ಜೋಡಿಕೊಂಡ ರಚನೆ) ಗುರುತು. ಒಂದೇ ಪ್ರೋಟೀನ್, ಮೂರು ಅವತಾರ.

ಆಕಾರ ಇಲ್ಲ ಅಂದ್ರೆ ಮನಸ್ಸಿಗೆ ಬಂದ ಹಾಗೆ ತಿರುಗತ್ತೆ ಅಂತಲ್ಲ, 1963ರಲ್ಲಿ ಮದ್ರಾಸಲ್ಲಿ ಜಿ.ಎನ್. ರಾಮಚಂದ್ರನ್ (ಆಮೇಲೆ ನಮ್ಮ ಬೆಂಗಳೂರಿನ ಐಐಎಸ್‌ಸಿಗೆ ಬಂದವರು) ಹಾಕಿಕೊಟ್ಟ, ಪ್ರೋಟೀನ್ ಸರ ಯಾವ್ಯಾವ ಕೋನದಲ್ಲಿ ತಿರುಗಬಹುದು ಅನ್ನೋ ನಕ್ಷೆ ಇವಕ್ಕೂ ಅನ್ವಯ ಆಗತ್ತೆ.

ಸಿಡಿ ಕೊಡೋದು ಕೋಟಿಗಟ್ಟಲೆ ಅಣುಗಳ ಸರಾಸರಿ, ಅದೇ ಅದರ ಮಿತಿ. ಅದಕ್ಕೇ ಫ್ರೆಟ್ ಅನ್ನೋ ವಿಧಾನ ಬಳಸ್ತಾರೆ: ಸರದ ಎರಡು ಕಡೆ ಎರಡು ಹೊಳೆಯೋ ಬಣ್ಣ ಅಂಟಿಸಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ಶಕ್ತಿ ದಾಟತ್ತೆ ನೋಡಿ 2ರಿಂದ 10 ನ್ಯಾನೋಮೀಟರ್ ದೂರ ಅಳೆಯೋದು, ಅದೂ ಒಂದೊಂದೇ ಅಣುವಲ್ಲಿ. 2018ರಲ್ಲಿ ಫ್ರೆಟ್, ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಅಣುವಿನ ರಚನೆ ನೋಡೋ ವಿಧಾನ) ಎರಡೂ ಬಳಸಿ ಹಿಸ್ಟೋನ್ ಎಚ್1, ಪ್ರೋಥೈಮೋಸಿನ್ ಆಲ್ಫಾ ಅನ್ನೋ ಓಲಾಡೋ ಪ್ರೋಟೀನ್‌ಗಳ ಜೋಡಿ ನೋಡಿದ್ರು. ಎರಡೂ ಸಿಕ್ಕಾಪಟ್ಟೆ ಬಿಗಿಯಾಗಿ ಕೂಡ್ಕೊಳ್ಳತ್ವೆ, ಆದ್ರೆ ಕೂಡಿದ ಮೇಲೂ ಓಲಾಡ್ತಾನೇ ಇರತ್ವೆ, ಬೀಗನೂ ಇಲ್ಲ ಕೀಲಿನೂ ಇಲ್ಲ.